ಬಿಡಬೇಕಾದದ್ದು ಪೆನ್ಸಿಲ್ ಅಲ್ಲ

ಪ್ರಶ್ನೆ: ನನಗೆ 37 ವರ್ಷ. ಬೆಂಗಳೂರಿನ ಕಂಪನಿಯೊಂದರಲ್ಲಿ ಏಳು ವರ್ಷ ಇದ್ದೆ. ನಾಲ್ಕು ತಿಂಗಳ ಹಿಂದೆ ಕೆಲಸ ಹೋಯ್ತು. ಈಗ ಹಾಸನದಲ್ಲಿ ಅಪ್ಪ-ಅಮ್ಮನ ಜೊತೆ ಇದ್ದೇವೆ. ಹೆಂಡತಿ ಇಲ್ಲೇ ಶಾಲೆಯೊಂದರಲ್ಲಿ ಟೀಚರ್. ಇಂಟರ್‌ವ್ಯೂ ಇದೆ ಅಂತ ಹೇಳಿ ವಾರಕ್ಕೆ ಎರಡು-ಮೂರು ದಿನ ನುಗ್ಗೇಹಳ್ಳಿ ದೇವಸ್ಥಾನಕ್ಕೆ ಹೋಗಿ ಚಿತ್ರ ಬರೆಯುತ್ತೇನೆ. ಅವಳು ಶಾಲೆಯಿಂದ ಬರುವಷ್ಟರಲ್ಲಿ ಮನೆ ಸೇರುತ್ತೇನೆ. ನುಗ್ಗೇಹಳ್ಳಿ, ಬೇಲೂರು, ಹಳೇಬೀಡು ಎಲ್ಲ ಸೇರಿಸಿ ಚಿತ್ರಗಳ ಪುಸ್ತಕ ಮಾಡುವ ಆಸೆ. ಅವಳು ದುಡಿಯುವಾಗ ನಾನು ಗೆರೆ ಎಳೆಯುತ್ತಾ ಕೂತಿದ್ದೇನಲ್ಲ ಅಂತ ರಾತ್ರಿ ನಿದ್ದೆ ಬರಲ್ಲ. ಬಿಟ್ಟುಬಿಡಲೇ?
– ಹೆಸರು ಬೇಡ, ಹಾಸನ

ಉತ್ತರ: ಚಿತ್ರ ಬಿಡಬೇಡಿ. ‘ಇಂಟರ್‌ವ್ಯೂ ಇದೆ’ ಅನ್ನೋ ಮಾತು ಬಿಡಿ.

ನೀವು ಕಳಿಸಿದ ನಾಲ್ಕು ಚಿತ್ರಗಳನ್ನು ತುಂಬಾ ಹೊತ್ತು ನೋಡಿದೆ. ಕಿರೀಟದ ಒಂದೊಂದು ಮಣಿಯನ್ನೂ ಬಿಡಿಸಿದ್ದೀರಿ. ಆದರೆ ನಾಲ್ಕರಲ್ಲೂ ಕೈಬೆರಳುಗಳ ಜಾಗ ಖಾಲಿ. ವೇಣುಗೋಪಾಲನ ಕೊಳಲಿದೆ, ಅದನ್ನು ಹಿಡಿದ ಬೆರಳಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದಿದ್ದೀರಿ, ಅಲ್ವಾ? ಸುಳ್ಳು ಹೇಳಿ ಹೋದವರಿಗೆ ನೆಮ್ಮದಿಯಾಗಿ ಕೂರಲು ಆಗುವುದಿಲ್ಲ. ನಿಮ್ಮ ನಿದ್ದೆ ಕೆಡಿಸುತ್ತಿರುವುದೂ ಅದೇ.

ಈ ವಾರವೇ ಹೆಂಡತಿಗೆ ಹೇಳಿ. ಅಪ್ಪ-ಅಮ್ಮನ ಎದುರಿಗೆ ಬೇಡ, ಇಬ್ಬರೇ ಇದ್ದಾಗ. ಎರಡು ದಿನ ಮಾತು ಬಿಡಬಹುದು, ತಡೆದುಕೊಳ್ಳಿ. ಬಸ್ ಸ್ಟ್ಯಾಂಡಿನಲ್ಲಿ ನಿಮ್ಮನ್ನು ನೋಡಿದ ಯಾರೋ ಬಂದು ಹೇಳಿದರೆ ಆ ನೋವು ಇದಕ್ಕಿಂತ ಜಾಸ್ತಿ. ಚಿತ್ರಗಳನ್ನು ತೋರಿಸಿ, ಜೊತೆಗೆ ಪಾಸ್‌ಬುಕ್ಕನ್ನೂ ತೋರಿಸಿ. ಎಷ್ಟು ತಿಂಗಳು ನಡೆಯುತ್ತದೆ ಅಂತ ಇಬ್ಬರೂ ಕೂತು ಲೆಕ್ಕ ಹಾಕಿ.

ಏಳು ವರ್ಷ ಅಂದಿರಿ. ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಗ್ರಾಚ್ಯುಟಿ ಹಣ ಬಂತಾ? ಐದು ವರ್ಷ ತುಂಬಿದ್ದರೆ ವರ್ಷಕ್ಕೆ 15 ದಿನದ ಸಂಬಳದಂತೆ ಬರಬೇಕು, ತಿಂಗಳಿಗೆ 26 ದಿನ ಅಂತ ಲೆಕ್ಕ. ಕೊನೆಯ ತಿಂಗಳ ಮೂಲ ವೇತನ, ತುಟ್ಟಿಭತ್ಯೆ (ಡಿಎ) ಸೇರಿ 26,000 ರೂಪಾಯಿ ಇದ್ದಿದ್ದರೆ ಏಳು ವರ್ಷಕ್ಕೆ 1,05,000 ಆಗುತ್ತದೆ. ಬಂದಿಲ್ಲವಾದರೆ ಇವತ್ತೇ ಬರೆದು ಕೇಳಿ. ಅದು ನಿಮ್ಮ ದುಡ್ಡು. ಕಂಪನಿಯ ಆರೋಗ್ಯ ವಿಮೆಯೂ ಕೆಲಸದ ಜೊತೆಗೇ ಹೋಗಿರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಅದನ್ನು ಮೊದಲು ನೋಡಿಕೊಳ್ಳಿ.

ಕೆಲಸ ಹುಡುಕುವುದನ್ನು ನಿಲ್ಲಿಸಬೇಡಿ. ಸಿಕ್ಕರೆ ಸೇರಿ. ಆಮೇಲೆ ಭಾನುವಾರಗಳು ಇದ್ದೇ ಇವೆ. ಪುಸ್ತಕದಿಂದ ಮನೆ ನಡೆಯಬೇಕು ಅಂತ ಮಾತ್ರ ಈಗಲೇ ಲೆಕ್ಕ ಹಾಕಬೇಡಿ, ಆ ಭಾರಕ್ಕೆ ಕೈ ನಡುಗುತ್ತದೆ.

ಮತ್ತೆ, ಬೇಲೂರು, ಹಳೇಬೀಡು ಸದ್ಯಕ್ಕೆ ಬೇಡ. ನುಗ್ಗೇಹಳ್ಳಿ ಒಂದೇ ಸಾಕು. 1246ರ ಆ ದೇವಸ್ಥಾನದ ಗೋಡೆಯಲ್ಲಿ ಬೈಚೋಜ, ಮಲ್ಲಿತಮ್ಮ ಅಂತ ಶಿಲ್ಪಿಗಳ ಹೆಸರಿರುವುದನ್ನು ನೀವೂ ನೋಡಿರುತ್ತೀರಿ. ಮಲ್ಲಿತಮ್ಮನ ಹೆಸರು ಆಮೇಲೆ ಕಟ್ಟಿದ ಸೋಮನಾಥಪುರದಲ್ಲೂ ಇದೆ. ವರ್ಷಗಳು ಕಳೆದ ಮೇಲೂ ಉಳಿ ಅವನ ಕೈಯಲ್ಲೇ ಇತ್ತು. ನಿಮ್ಮ ಪುಸ್ತಕಕ್ಕೆ ಮೂರು ವರ್ಷ ಹಿಡಿದರೆ ಹಿಡಿಯಲಿ.

ಮುಂದಿನ ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಬುತ್ತಿ ಕಟ್ಟಿಕೊಳ್ಳಿ. ಸಂಜೆಯ ತನಕ ಕೂತು ವೇಣುಗೋಪಾಲನ ಬೆರಳುಗಳನ್ನು ಮುಗಿಸಿ ಬನ್ನಿ.