ಸಂಪಾದಕರ ಉತ್ತರ: ಹೊಡೆದ ಮೇಲೆ ಹಗುರವಾಗುವ ಎದೆ

ಸೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರನ ಬೈಗುಳ, ಸಂಘದ ಸಾಲದ ಕಂತು, ಮನೆಗೆ ಬಂದರೆ ಎಂಟು ವರ್ಷದ ಮಗ ಹಾಲು ಚೆಲ್ಲಿದ್ದಾನೆ. ಕೈಗೆ ಸಿಕ್ಕ ಸೌಟಿನಿಂದ ಬಾರಿಸಿದ್ದೀರಿ. ಅವನು ನಿದ್ದೆ ಹೋದ ಮೇಲೆ ಬಾಸುಂಡೆಗೆ ಕೊಬ್ಬರಿ ಎಣ್ಣೆ ಸವರುತ್ತಾ ಅತ್ತಿದ್ದೀರಿ. 'ನಾನು ಕೆಟ್ಟ ತಾಯಿಯೇ?' ಎಂದು ಕೇಳಿದ್ದೀರಿ.

ಆ ಪ್ರಶ್ನೆಗಿಂತ ನನ್ನನ್ನು ಕಾಡಿದ್ದು ನಿಮ್ಮ ಇನ್ನೊಂದು ಸಾಲು: 'ಹೊಡೆದ ಮೇಲೆ ಒಂದು ನಿಮಿಷ ಎದೆ ಹಗುರವಾಗುತ್ತದೆ.' ಹೊಡೆಯುವ ಹೆತ್ತವರು ಇದನ್ನು ಬಾಯಿಬಿಟ್ಟು ಹೇಳುವುದು ಅಪರೂಪ; ಬುದ್ಧಿ ಕಲಿಸಲು ಹೊಡೆದೆವು ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಏಟೇ ಒತ್ತಡಕ್ಕೆ ಅವರು ಕಂಡುಕೊಂಡ ಮದ್ದು. ಮಗು ತಟ್ಟನೆ ಸುಮ್ಮನಾಗುತ್ತದೆ, ಬಿಗಿದ ಮೈ ಸಡಿಲವಾಗುತ್ತದೆ. ಆ ರುಚಿ ಹತ್ತಿದ ಕೈ ಮರುದಿನ ಇನ್ನೂ ಬೇಗ ಏಳುತ್ತದೆ. ಆಮೇಲಿನ ಪಶ್ಚಾತ್ತಾಪವೂ ಒಂದು ಹೊರೆಯೇ; ಅದನ್ನೂ ಇಳಿಸುವುದು ಮಗುವಿನ ಬೆನ್ನಿನ ಮೇಲೆ.

'ಬೇಕೆಂದೇ ಚೆಲ್ಲಿದ' ಎಂದಿದ್ದೀರಿ. ದಣಿದ ತಲೆಗೆ ಕೈತಪ್ಪೂ ಹಟವಾಗಿ ಕಾಣುತ್ತದೆ. ತುಂಬಿದ ಪಾತ್ರೆ ಎಂಟು ವರ್ಷದ ಕೈಗೆ ಭಾರ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವುದು ಇದಕ್ಕೇ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನದಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಕುಟುಂಬದೊಳಗೆ ಪೆಟ್ಟು ತಿಂದವರಲ್ಲಿ ಶೇ. 88.6ರಷ್ಟು ಮಕ್ಕಳಿಗೆ ಹೊಡೆದವರು ಹೆತ್ತವರೇ. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ. ನೀವು ಮಾಡಿದ್ದು ತಪ್ಪು. ಆದರೆ ನಾಚಿಕೆಯಿಂದ ಯಾರಿಗೂ ಹೇಳದೆ ಉಳಿದರೆ ಆ ಸೌಟು ಮತ್ತೆ ಕೈಗೆ ಬರುತ್ತದೆ.

ಕೈ ಏಳುವ ಮೊದಲೇ ಮೈ ಸೂಚನೆ ಕೊಡುತ್ತದೆ: ಹಲ್ಲು ಕಚ್ಚುತ್ತದೆ, ಕಿವಿ ಬಿಸಿಯಾಗುತ್ತದೆ. ಆಗ ಹಾಲು ನೆಲದ ಮೇಲೆಯೇ ಇರಲಿ, ನೀವು ಹೊರಗೆ ಬನ್ನಿ. 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಇಷ್ಟಾದರೂ ಕೈ ನಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ನೀವೇ ಕರೆ ಮಾಡಿ.

ನಾಳೆ ಬೆಳಿಗ್ಗೆ ಮಗನ ಎದುರು ಕುಳಿತು, 'ನನ್ನ ಸಿಟ್ಟಿಗೆ ನಿನ್ನನ್ನು ಹೊಡೆದೆ, ತಪ್ಪು ನನ್ನದು' ಎಂದು ಹೇಳಿ. ರಾತ್ರಿ ನೀವು ಎಣ್ಣೆ ಸವರಿದ್ದು ಅವನಿಗೆ ಗೊತ್ತಿಲ್ಲ.