ಕಷ್ಟಕಾಲದಲ್ಲಿ ಸಣ್ಣ ವ್ಯಾಪಾರವನ್ನು ಭರವಸೆ ಕಳೆದುಕೊಳ್ಳದೆ ನಡೆಸುವುದು ಹೇಗೆ?

ನಾಲ್ಕು ವರ್ಷಗಳಿಂದ ಸಿದ್ಧ ಉಡುಪಿನ ಸಣ್ಣ ಅಂಗಡಿ ನಡೆಸುತ್ತಿರುವುದಾಗಿಯೂ, ಒಂದು ವರ್ಷದಿಂದ ವ್ಯಾಪಾರ ಅರ್ಧಕ್ಕೆ ಇಳಿದಿರುವುದಾಗಿಯೂ, ಬಾಡಿಗೆ ಮತ್ತು ಸಾಲದ ಕಂತು ಕಟ್ಟಿದ ಮೇಲೆ ಮನೆಗೆ ಏನೂ ಉಳಿಯುತ್ತಿಲ್ಲವೆಂದೂ ನೀವು ಬರೆದಿದ್ದೀರಿ. ಬೆಳಿಗ್ಗೆ ಶಟರ್ ಎತ್ತುವುದಕ್ಕೇ ಮನಸ್ಸು ಬರುತ್ತಿಲ್ಲ, ರಾತ್ರಿ ನಿದ್ದೆ ಇಲ್ಲ, ಇಂಥ ಸ್ಥಿತಿಯಲ್ಲಿ ಭರವಸೆ ಇಟ್ಟುಕೊಂಡು ಮುಂದುವರಿಯುವುದು ಹೇಗೆ ಎಂದು ಕೇಳಿದ್ದೀರಿ. 2020ರ ಬೇಸಿಗೆಯಲ್ಲಿ ನಾನು ಹೆಚ್ಚುಕಡಿಮೆ ಇದೇ ಮಾತುಗಳನ್ನು ನನ್ನ ಹೆಂಡತಿಯ ಮುಂದೆ ಆಡಿದ್ದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ನನ್ನದು ಗದಗಿನಲ್ಲಿ ಒಂದು ಸಣ್ಣ ಮುದ್ರಣಾಲಯ. ಮುದ್ರಣ ಕಾಶಿ ಎಂದು ಹೆಸರಾದ ಊರು ಇದು. ನಮ್ಮ ತಂದೆ ಟ್ರೆಡಲ್ ಎಂಬ ಹಳೆಯ ಮಾದರಿಯ ಒಂದು ಅಚ್ಚಿನ ಯಂತ್ರ ಮತ್ತು ಕೆಲವು ಪೆಟ್ಟಿಗೆ ಸೀಸದ ಮೊಳೆಗಳೊಂದಿಗೆ ಆರಂಭಿಸಿದ ಕೆಲಸಕ್ಕೆ ನಾನು ಮಿನಿ ಆಫ್‌ಸೆಟ್ ಯಂತ್ರ ಸೇರಿಸಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಪಾವತಿ ಪುಸ್ತಕ, ಕರಪತ್ರ, ಇವೇ ನಮ್ಮ ಹೊಟ್ಟೆಪಾಡು. ವರ್ಷದ ಗಳಿಕೆಯ ಅರ್ಧಕ್ಕಿಂತ ಹೆಚ್ಚು ಭಾಗ ಬೇಸಿಗೆಯ ಮದುವೆಗಳಿಂದಲೇ ಬರುತ್ತಿತ್ತು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದಾಗ ನನ್ನ ಮೇಜಿನ ಮೇಲೆ ಒಂದು ಕಟ್ಟು ಲಗ್ನಪತ್ರಿಕೆ ಇತ್ತು. ಮುಂಡರಗಿ ಕಡೆಯ ರೈತರೊಬ್ಬರು ಮಗಳ ಮದುವೆಗೆ ಮಾಡಿಸಿದ್ದು. ಒಟ್ಟು 400 ಪತ್ರಿಕೆ. ಮದುವೆಯ ದಿನ ಏಪ್ರಿಲ್ 26, ಅಕ್ಷಯ ತೃತೀಯ. ಕಂದು ಕಾಗದದಲ್ಲಿ ಸುತ್ತಿ, ಸುತಳಿ ಕಟ್ಟಿ, ಮೇಲೆ ಅವರ ಊರಿನ ಹೆಸರು ಬರೆದು ಇಟ್ಟಿದ್ದೆ. ಒಯ್ಯಲು ಯಾರೂ ಬರಲಿಲ್ಲ. ಆ ಕಟ್ಟಿನ ಜೊತೆ ಇನ್ನೂ ಹನ್ನೊಂದು ಮದುವೆಗಳ ಪತ್ರಿಕೆಗಳು ಅರ್ಧ ಮುದ್ರಣವಾಗಿ ಉಳಿದವು. ಶಿವಕಾಶಿಯಿಂದ ಸಾಲದ ಮೇಲೆ ತರಿಸಿದ ಖಾಲಿ ಪತ್ರಿಕೆಗಳ ಪೆಟ್ಟಿಗೆಗಳು ಒಳಗಿನ ಕೋಣೆಯಲ್ಲಿ ಸೂರಿನವರೆಗೆ ಇದ್ದವು, ಅವುಗಳಿಗೆ ಹಣ ಕೊಡುವುದು ಬಾಕಿ ಇತ್ತು.

ನಾನು ಆಗ ಮಾಡಿದ ತಪ್ಪನ್ನು ಮೊದಲು ಹೇಳಬೇಕು, ಏಕೆಂದರೆ ನಿಮ್ಮ ಬರಹದಲ್ಲಿ ಅದರ ನೆರಳು ಕಾಣುತ್ತಿದೆ. ಸುಮಾರು ಆರು ವಾರ ನಾನು ಕಿರ್ದಿ ಪುಸ್ತಕವನ್ನು ತೆರೆಯಲಿಲ್ಲ. ಬಾಕಿ ಎಷ್ಟಿದೆ ಎಂದು ನೋಡಿದರೆ ಎದೆ ಒಡೆಯುತ್ತದೆ ಎಂಬ ಭಯ. ಪೇಪರ್ ಅಂಗಡಿಯವರ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಸಾಲದ ಕಂತುಗಳಿಗೆ ರಿಸರ್ವ್ ಬ್ಯಾಂಕ್ ಮೊದಲು ಮೇ ಕೊನೆಯವರೆಗೂ, ಆಮೇಲೆ ಆಗಸ್ಟ್ 31ರವರೆಗೂ ವಿರಾಮ ಕೊಡಲು ಅವಕಾಶ ಮಾಡಿದಾಗ ಬದುಕಿದೆ ಎಂದುಕೊಂಡೆನೇ ಹೊರತು, ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ ಎಂಬುದನ್ನು ಗಮನಿಸಲಿಲ್ಲ. ಬ್ಯಾಂಕಿನವರೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಆರು ವಾರಗಳಲ್ಲಿ ನನ್ನ ಸಾಲ ಬೆಳೆದಿದ್ದಕ್ಕಿಂತ ಸಾಲದ ಭಯ ಬೆಳೆದಿದ್ದೇ ಹೆಚ್ಚು. ಎಷ್ಟು ಎಂದು ಗೊತ್ತಿಲ್ಲದ ಸಾಲಕ್ಕೆ ರಾತ್ರಿಯ ಹೊತ್ತು ಮಿತಿಯೇ ಇರುವುದಿಲ್ಲ.

ಕಡೆಗೆ ಒಂದು ಮಧ್ಯಾಹ್ನ ನನ್ನ ಹೆಂಡತಿಯೇ ಪುಸ್ತಕ ತಂದು ಮುಂದೆ ಇಟ್ಟಳು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬಾಡಿಗೆ 6,000, ವಿದ್ಯುತ್ 2,500, ಇಬ್ಬರು ಕೆಲಸಗಾರರ ಪಗಾರ 24,000, ಯಂತ್ರದ ಸಾಲದ ಕಂತು 11,500, ಚಿಲ್ಲರೆ ಖರ್ಚು 2,800. ಒಟ್ಟು 46,800 ರೂಪಾಯಿ. ತಿಂಗಳಿಗೆ 26 ದಿನದ ಕೆಲಸ ಎಂದು ಹಿಡಿದರೆ ದಿನಕ್ಕೆ 1,800. ಇದು ಮಾರಾಟದ ಮೊತ್ತವಲ್ಲ. ಕಾಗದ, ಶಾಯಿ, ಪ್ಲೇಟಿನ ಖರ್ಚು ಕಳೆದು ಕೈಯಲ್ಲಿ ಉಳಿಯಬೇಕಾದ ಹಣ. ಜೂನ್ ತಿಂಗಳಲ್ಲಿ ಅಂಗಡಿ ತೆರೆದ ಮೇಲೆ ನನಗೆ ಉಳಿಯುತ್ತಿದ್ದದ್ದು ಸರಾಸರಿ 700. ಅಂದರೆ ದಿನಕ್ಕೆ 1,100 ರೂಪಾಯಿ ಕಡಿಮೆ ಬೀಳುತ್ತಿತ್ತು. ಆ ಸಂಖ್ಯೆಯನ್ನು ಗಲ್ಲಾ ಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೆ. ನಿಮಗೆ ವಿಚಿತ್ರವೆನ್ನಿಸಬಹುದು, ಆದರೆ ಆ ರಾತ್ರಿ ನನಗೆ ನಿದ್ದೆ ಬಂತು. ಅಲ್ಲಿಯವರೆಗೆ ನಾನು ಹೆದರುತ್ತಿದ್ದದ್ದು ಸರ್ವನಾಶಕ್ಕೆ. ಈಗ ಎದುರಿಗಿದ್ದದ್ದು 1,100 ರೂಪಾಯಿ. ಭರವಸೆ ಎಂದು ನೀವು ಯಾವುದನ್ನು ಕೇಳುತ್ತಿದ್ದೀರೋ ಅದು ನನಗೆ ಸಿಕ್ಕಿದ್ದು ಈ ರೀತಿಯಲ್ಲಿ, ಯಾರೋ ಧೈರ್ಯ ಹೇಳಿದ್ದರಿಂದಲ್ಲ.

ಆಮೇಲಿನ ಕೆಲಸವೆಲ್ಲ ಆ 1,100ನ್ನು ಎರಡೂ ಕಡೆಯಿಂದ ಕೊರೆಯುವುದು. ಖರ್ಚಿನ ಕಡೆಯಿಂದ ನಾನು ಮೊದಲು ಮಾಡಿದ್ದು ಕೊಡಬೇಕಾದವರ ಬಳಿ ನಾನೇ ಹೋಗಿದ್ದು. ಅಂಗಡಿಯ ಮಾಲೀಕರಿಗೆ ಪುಸ್ತಕವನ್ನೇ ತೋರಿಸಿದೆ. ನಾಲ್ಕು ತಿಂಗಳು ಅರ್ಧ ಬಾಡಿಗೆ, ಉಳಿದದ್ದನ್ನು ಮುಂದಿನ ವರ್ಷ ಸ್ವಲ್ಪ ಸ್ವಲ್ಪವಾಗಿ ಕೊಡುವುದೆಂದು ಒಪ್ಪಿಕೊಂಡರು. ಪೇಪರ್ ಅಂಗಡಿಯವರಿಗೆ ಪ್ರತಿ ಶನಿವಾರ 1,000 ರೂಪಾಯಿ ಕೊಡುತ್ತೇನೆಂದು ಹೇಳಿ, ಹಾಗೆಯೇ ನಡೆದುಕೊಂಡೆ. ಒಂದು ಶನಿವಾರ 400 ಮಾತ್ರ ಇತ್ತು. ಆ 400ನ್ನೇ ಒಯ್ದು ಕೊಟ್ಟು ಬಂದೆ. 2021 ಮತ್ತು 2022ರಲ್ಲಿ ಕಾಗದದ ಬೆಲೆ ಏರುತ್ತಲೇ ಹೋದಾಗ, ನನಗೆ ಉದ್ರಿ ಮೇಲೆ ಮ್ಯಾಪ್ಲಿಥೊ ಕಾಗದದ ರೀಮುಗಳನ್ನು ಕೊಟ್ಟವರು ಅವರೇ. ಬಸ್ ನಿಲ್ದಾಣದ ಹತ್ತಿರ ಇದ್ದ ನನ್ನ ಎರಡನೆಯ ಪುಟ್ಟ ಮಳಿಗೆಯನ್ನು ಮುಚ್ಚಿದೆ. ಬಹಳ ಸಂಕಟವಾಯಿತು, ಆದರೆ ಅದು ಮುಖ್ಯ ಅಂಗಡಿಯ ಗಳಿಕೆಯನ್ನು ತಿನ್ನುತ್ತಿತ್ತು ಎಂಬುದು ಲೆಕ್ಕದಲ್ಲಿ ಸ್ಪಷ್ಟವಾಗಿತ್ತು. ಪಟ್ಟು ಹಿಡಿದು ನಿಲ್ಲುವುದು ಎಂದರೆ ಎಲ್ಲವನ್ನೂ ಹಿಡಿದುಕೊಂಡು ನಿಲ್ಲುವುದು ಎಂದು ನಾನು ಆವರೆಗೆ ತಿಳಿದಿದ್ದೆ.

ಗಳಿಕೆಯ ಕಡೆಯಿಂದ ಹೇಳುವುದಾದರೆ, ಮದುವೆಗಳು ಇಲ್ಲದಾಗ ಊರಿನಲ್ಲಿ ಏನು ಹೊಸದಾಗಿ ಆರಂಭವಾಗುತ್ತಿದೆ ಎಂದು ನೋಡುತ್ತ ಕೂತೆ. ಹಿಂದಿನ ಎರಡು ಅನುಭವಗಳು ಇದನ್ನು ಕಲಿಸಿದ್ದವು. 2016ರ ನವೆಂಬರ್ 8ರಂದು ನೋಟು ರದ್ದಾದಾಗ ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಆದರೆ ಮದುವೆಗೆಂದು ಖಾತೆಯಿಂದ 2.5 ಲಕ್ಷ ರೂಪಾಯಿ ತೆಗೆಯಲು ಬ್ಯಾಂಕಿಗೆ ಲಗ್ನಪತ್ರಿಕೆ ತೋರಿಸಬೇಕೆಂಬ ನಿಯಮ ಬಂದು, ಜನ ನಾಳೆಯೇ ಪತ್ರಿಕೆ ಬೇಕೆಂದು ಓಡಿ ಬಂದರು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ವ್ಯಾಪಾರಿಗಳೆಲ್ಲ ತಲೆ ಮೇಲೆ ಕೈ ಹೊತ್ತಿದ್ದರು, ನಾನೂ ಹೊತ್ತಿದ್ದೆ. ಆದರೆ ನೋಂದಣಿಯಾದ ಅಂಗಡಿಗಳಿಗೆಲ್ಲ ಹೊಸ ಸಂಖ್ಯೆ ಇರುವ ಬಿಲ್ ಪುಸ್ತಕ ಬೇಕಾಯಿತು, ಮೂರು ತಿಂಗಳು ಬೈಂಡಿಂಗ್ ಮೇಜು ಖಾಲಿಯಾಗಲಿಲ್ಲ. ಪ್ರತಿ ಕಷ್ಟವೂ ಹೀಗೆ ಕೆಲಸ ತರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಅಂಗಡಿ ತೆರೆದಿಟ್ಟುಕೊಂಡು ಬಾಗಿಲಲ್ಲಿ ನಿಂತವನಿಗೆ ಮಾತ್ರ ಅದು ಬಂದಾಗ ಕಾಣುತ್ತದೆ.

2020ರಲ್ಲಿ ಕಂಡದ್ದು ರೊಟ್ಟಿ. ಬೆಂಗಳೂರು, ಪುಣೆಯಿಂದ ಕೆಲಸ ಬಿಟ್ಟು ಊರಿಗೆ ಮರಳಿದವರ ಮನೆಗಳಲ್ಲಿ ಹೆಂಗಸರು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಪ್ಯಾಕೆಟ್ ಕಟ್ಟಿ ಮಾರತೊಡಗಿದರು. ಪ್ಯಾಕೆಟ್ಟಿನ ಮೇಲೆ ಹೆಸರು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಗರಿಷ್ಠ ಮಾರಾಟ ಬೆಲೆ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ ಇರಬೇಕು. ಅವರಿಗೆ ಬೇಕಾದದ್ದು 200 ಲೇಬಲ್. ದೊಡ್ಡ ಮುದ್ರಣಾಲಯಗಳು 5,000ಕ್ಕಿಂತ ಕಡಿಮೆ ಮಾತನಾಡುವುದಿಲ್ಲ. ನಾನು 200ಕ್ಕೂ ಒಪ್ಪಿಕೊಂಡೆ. ಹೊಸ ಯಂತ್ರ ಕೊಳ್ಳಲಿಲ್ಲ. ವಿನ್ಯಾಸ ಮಾಡಿ ಹುಬ್ಬಳ್ಳಿಗೆ ಕಳುಹಿಸಿ, ಡಿಜಿಟಲ್ ಮುದ್ರಣ ಮಾಡಿಸಿ, ನಮ್ಮಲ್ಲಿ ಕತ್ತರಿಸಿ ಕೊಟ್ಟೆ. ಮೊದಲ ಕೆಲಸದಲ್ಲಿ ಉಳಿದದ್ದು 180 ರೂಪಾಯಿ. ಅದನ್ನು ಕಿರ್ದಿಯಲ್ಲಿ ಬರೆಯುವಾಗ ಆದ ಸಂತೋಷ ನನಗೆ ಚೆನ್ನಾಗಿ ನೆನಪಿದೆ. ತಂದೆಯ ಹಳೆಯ ಟ್ರೆಡಲ್ ಯಂತ್ರವನ್ನು ಗುಜರಿಗೆ ಹಾಕುವ ಮಾತು ನಡೆದಿತ್ತು. ಅದಕ್ಕೇ ಡೈ, ಅಂದರೆ ಕತ್ತರಿಸುವ ಅಚ್ಚು, ಕೂರಿಸಿ ಸಿಹಿತಿಂಡಿ ಡಬ್ಬಿಗಳ ರಟ್ಟು ಕತ್ತರಿಸಲು ಶುರು ಮಾಡಿದೆವು. ಆ ವರ್ಷದ ದೀಪಾವಳಿಗೆ ಗೋಡೆಯ ಮೇಲಿನ ಸಂಖ್ಯೆ 1,100ರಿಂದ 350ಕ್ಕೆ ಇಳಿದಿತ್ತು. 2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಎಲ್ಲ ಬಂದ್ ಆದಾಗ ಅದು 900ಕ್ಕೆ ಏರಿತು. ಅಳಿಸಿ ಮತ್ತೆ ಬರೆದೆ. ಎರಡನೆಯ ಸಲ ಮೊದಲಿನಷ್ಟು ಹೆದರಿಕೆಯಾಗಲಿಲ್ಲ.

ಇನ್ನೊಂದು ಅಭ್ಯಾಸದ ಬಗ್ಗೆಯೂ ಹೇಳಬೇಕು. ದಿನಕ್ಕೆ 1,100 ಕಡಿಮೆ ಬೀಳುತ್ತಿದ್ದ ಕಾಲದಲ್ಲೇ ನಾನು ನಮ್ಮ ಊರಿನ ಸಹಕಾರಿಯೊಂದರಲ್ಲಿ ದಿನಕ್ಕೆ 50 ರೂಪಾಯಿಯ ಪಿಗ್ಮಿ ಆರಂಭಿಸಿದೆ. ಸಾಲ ಇರುವವನು ಉಳಿತಾಯ ಮಾಡುವುದು ಲೆಕ್ಕದ ದೃಷ್ಟಿಯಿಂದ ಸರಿಯಲ್ಲ ಎಂದು ಹೇಳುವವರಿದ್ದಾರೆ, ಬಡ್ಡಿಯ ಲೆಕ್ಕದಲ್ಲಿ ಅವರ ಮಾತು ನಿಜ. ಆದರೆ ಸಂಜೆ ಪಿಗ್ಮಿ ಸಂಗ್ರಹಿಸುವ ಹುಡುಗ ಬಂದು ನಿಂತಾಗ 50 ರೂಪಾಯಿ ಕೊಡುವುದೆಂದರೆ, ಮುಂದಿನ ವರ್ಷವೂ ಈ ಅಂಗಡಿ ಇರುತ್ತದೆ ಎಂದು ದಿನಕ್ಕೊಮ್ಮೆ ಒಪ್ಪಿಕೊಂಡಂತೆ ನನಗೆ ಅನ್ನಿಸುತ್ತಿತ್ತು. ವರ್ಷದ ಕೊನೆಗೆ ಕೈಗೆ ಬಂದ ಸುಮಾರು 15,000 ರೂಪಾಯಿಯಲ್ಲಿ ಯಂತ್ರದ ರೋಲರುಗಳನ್ನು ಬದಲಾಯಿಸಿದೆ.

ಈ ಪಿಗ್ಮಿಯ ಹುಟ್ಟೇ ಒಂದು ಕಷ್ಟಕಾಲದ ಕಥೆ. ಕೈಮಗ್ಗದ ಕಸುಬು ಕುಸಿದು ಕರಾವಳಿಯ ನೇಕಾರರು ಕಂಗಾಲಾಗಿದ್ದ ಹೊತ್ತಿನಲ್ಲಿ, 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದಿಂದ ಒಂದು ಸಂಸ್ಥೆ ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ರಂದು, ನನ್ನ ಅಂಗಡಿಯ ಬಾಗಿಲು ಮುಚ್ಚಿ ಒಂದು ವಾರ ಕಳೆದಿದ್ದಾಗ. ಬ್ಯಾಂಕಿನ ಫಲಕ ಹೋದರೂ ನಮ್ಮ ಬಜಾರಿನಲ್ಲಿ ಪಿಗ್ಮಿ ಎಂಬ ಮಾತು ಹೋಗಿಲ್ಲ.

ಈಗ ನಿಮ್ಮ ಅಂಗಡಿಯ ವಿಷಯ. ಬಟ್ಟೆಯ ವ್ಯಾಪಾರದಲ್ಲಿ ನಿಮ್ಮ ಹಣವೆಲ್ಲ ಕಪಾಟಿನಲ್ಲಿ ಮಡಚಿಕೊಂಡು ಕೂತಿರುತ್ತದೆ. ಒಂದು ವರ್ಷದಿಂದ ಕದಲದ ಮಾಲನ್ನು ಬೇರೆ ಮಾಡಿ, ಅಸಲಿಗೋ ಅದಕ್ಕಿಂತ ಸ್ವಲ್ಪ ಕಡಿಮೆಗೋ ಸಂತೆಯಲ್ಲಿ ಮಾರಿ ರೊಕ್ಕ ಮಾಡಿಕೊಳ್ಳಿ. ನಮ್ಮ ಪಕ್ಕದ ಅಂಗಡಿಯವರು ಹಾಗೆ ಮಾಡಿಯೇ ಚೇತರಿಸಿಕೊಂಡರು. ಅಳತೆ ಸರಿಮಾಡಿಕೊಡಲು ಒಂದು ಹೊಲಿಗೆ ಯಂತ್ರ ಇಡಲು ಸಾಧ್ಯವೇ ನೋಡಿ, ಮೊಬೈಲಿನಲ್ಲಿ ತರಿಸಿದ ಬಟ್ಟೆ ದೊಗಳೆಯಾದವರೂ ನಿಮ್ಮ ಬಳಿ ಬರುತ್ತಾರೆ. ಸಾಲ ಬೇಕೇ ಬೇಕೆಂದಾದರೆ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ, ಕಿಶೋರ ವರ್ಗದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದೆ ಕೊಡುವ ಅವಕಾಶವಿದೆ. ಚಿಲ್ಲರೆ ವ್ಯಾಪಾರಿಗಳಿಗೂ 2021ರ ಜುಲೈಯಿಂದ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಿಗುತ್ತದೆ, ಶುಲ್ಕವಿಲ್ಲ. ಆದರೆ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ, ಅಂದರೆ ಬ್ಯಾಂಕುಗಳು ಆದ್ಯತೆಯ ಮೇಲೆ ಕೊಡಬೇಕಾದ ಸಾಲಕ್ಕೆ ಮಾತ್ರ. ನನ್ನಂತೆ ತಯಾರಿಸಿ ಕೊಡುವವರಿಗೆ 45 ದಿನದೊಳಗೆ ಹಣ ಬರಬೇಕೆಂಬ ಕಾನೂನಿನ ರಕ್ಷಣೆ ವ್ಯಾಪಾರಿಗಳಿಗೆ ಸಿಗುವುದಿಲ್ಲ. ಮೀಟರ್ ಬಡ್ಡಿಯವರ ಬಳಿ ಮಾತ್ರ ದಯವಿಟ್ಟು ಹೋಗಬೇಡಿ. ಈಗಾಗಲೇ ಹೋಗಿದ್ದು, ವಸೂಲಿಯವರು ಮನೆಯ ಮುಂದೆ ಬಂದು ಪೀಡಿಸುತ್ತಿದ್ದರೆ, ಅದನ್ನು ತಡೆಯಲೆಂದೇ ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂದಿತು. ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ.

ಮುಚ್ಚಬೇಕೆ ಎಂಬ ಪ್ರಶ್ನೆ ನಿಮ್ಮ ಬರಹದ ಒಳಗೆ ಇದೆ, ನೀವು ಬಾಯಿಬಿಟ್ಟು ಕೇಳಿಲ್ಲ. ನಾನು 2020ರಲ್ಲಿ ಒಂದು ಹಾಳೆಯ ಮೇಲೆ ಎರಡು ಗೆರೆ ಬರೆದು ಹೆಂಡತಿಯ ಕೈಗೆ ಕೊಟ್ಟಿದ್ದೆ: ಮನೆಯನ್ನೂ ಅವಳ ಬಂಗಾರವನ್ನೂ ಈ ವ್ಯಾಪಾರಕ್ಕೆ ಒತ್ತೆ ಇಡುವುದಿಲ್ಲ, 2021ರ ಡಿಸೆಂಬರ್ ಹೊತ್ತಿಗೆ ದಿನದ ಕೊರತೆ 500ಕ್ಕಿಂತ ಕೆಳಗೆ ಇಳಿಯದಿದ್ದರೆ ಯಂತ್ರ ಮಾರಿ ಬೇರೆಯವರಲ್ಲಿ ಕೆಲಸಕ್ಕೆ ಸೇರುತ್ತೇನೆ. ಆ ಗಡುವು ಇದ್ದದ್ದರಿಂದಲೇ ಮಧ್ಯದ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಮುಚ್ಚಲೇ ಬೇಡವೇ ಎಂದು ತೂಗುವ ಹಿಂಸೆ ತಪ್ಪಿತು. ನೀವೂ ಅಂಥದೊಂದು ದಿನಾಂಕ ಮತ್ತು ಮೊತ್ತವನ್ನು ಮನೆಯವರ ಎದುರು ಬರೆದಿಡಿ. ಆ ದಿನ ಬಂದು ಮುಚ್ಚಬೇಕಾದರೆ, ನಾಲ್ಕು ವರ್ಷ ಅಂಗಡಿ ನಡೆಸಿದವರು ನೀವು ಎಂಬುದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ನಿದ್ದೆ ಇಲ್ಲದ ರಾತ್ರಿಗಳಲ್ಲಿ ಜೀವ ಬೇಡವೆನ್ನಿಸುವ ಯೋಚನೆ ಬಂದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಆ 400 ಲಗ್ನಪತ್ರಿಕೆಗಳ ಮಾತು ಉಳಿಯಿತು. ಆ ರೈತರು ಆಗಸ್ಟ್ ತಿಂಗಳಲ್ಲಿ ಬಂದರು. ಮದುವೆ ಮನೆಯಂಗಳದಲ್ಲೇ, ಕೆಲವೇ ಜನರ ನಡುವೆ ಮುಗಿದಿತ್ತು. ಉಪಯೋಗಕ್ಕೆ ಬಾರದ ಪತ್ರಿಕೆಗಳಿಗೆ ನಾನು ಬಾಕಿ ಕೇಳುವವನಿರಲಿಲ್ಲ. ಅವರೇ ಅಂಗಿಯ ಕಿಸೆಯಿಂದ ಹಣ ತೆಗೆದು ಎಣಿಸಿ ಮೇಜಿನ ಮೇಲೆ ಇಟ್ಟು, 'ನಿಮ್ಮ ಕೆಲಸ ನೀವು ಮಾಡೀರಲ್ಲ' ಎಂದರು. ದೇವರ ಮುಂದೆ ಇಡಲು ಒಂದೇ ಒಂದು ಪತ್ರಿಕೆಯನ್ನು ಕಟ್ಟಿನಿಂದ ಬಿಡಿಸಿಕೊಂಡು ಹೋದರು. ಉಳಿದವು ಇನ್ನೂ ನಮ್ಮ ಕಪಾಟಿನಲ್ಲಿವೆ.

ನಾಳೆ ಅಂಗಡಿ ತೆರೆದ ಮೇಲೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ನಿಮ್ಮ ದಿನದ ಸಂಖ್ಯೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಬೇಕೆನ್ನಿಸಿದರೆ ಇಲ್ಲಿಯೇ ಕೆಳಗೆ ಬರೆಯಿರಿ. ಬಟ್ಟೆ ವ್ಯಾಪಾರದ ಒಳಹೊರಗು ನನಗೆ ಪೂರ್ತಿ ತಿಳಿಯದು, ಆದರೆ ಬಾಡಿಗೆ, ಪಗಾರ, ಕಂತುಗಳ ಲೆಕ್ಕವನ್ನು ನಿಮ್ಮ ಜೊತೆ ಕೂತು ನೋಡಬಲ್ಲೆ.