ಕಣ್ಣಿಗೆ ಕಾಣದ ಜಿಗಿ

ಬೆಂಗಳೂರಿನ ಓದುಗರೊಬ್ಬರು ಕೇಳಿದ್ದಾರೆ: “ಜೋಳದ ರೊಟ್ಟಿ ಬಡಿಯುವ ವಿಡಿಯೋ ಎಷ್ಟೋ ಸಲ ನೋಡಿದೆ. ನೋಡುವಾಗ ಸುಲಭ, ಬಡಿಯಲು ಕೂತರೆ ಅಂಚು ಸೀಳುತ್ತದೆ, ಎತ್ತಿದರೆ ಹರಿಯುತ್ತದೆ. ನೋಡಿ ಕಲಿಯುವುದು ಎಲ್ಲರಿಗೂ ಒಗ್ಗುವುದಿಲ್ಲವೇ?”

ಖಂಡಿತ ಒಗ್ಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಕಲೆ ಕೈಯಿಂದ ಕೈಗೆ ಬಂದಿರುವುದೇ ಹಾಗೆ. ಆದರೆ ಬರೀ ನೋಡುತ್ತ ಹೋದರೆ ಧೈರ್ಯ ಬೆಳೆಯುತ್ತದೆ, ಕೈ ಪಳಗುವುದಿಲ್ಲ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ತೋರಿಸಿತು: ಡಾರ್ಟ್ ಎಸೆಯುವಂಥ ಕೆಲಸಗಳ ವಿಡಿಯೋವನ್ನು 20 ಸಲ ನೋಡಿದವರಿಗೆ ಒಮ್ಮೆ ನೋಡಿದವರಿಗಿಂತ ನಂಬಿಕೆ ಹೆಚ್ಚು, ಕೌಶಲ ಮಾತ್ರ ಹೆಚ್ಚಿರಲಿಲ್ಲ.

ನಿಮ್ಮ ಅಂಚು ಸೀಳುತ್ತಿರುವುದು ಬಡಿತದಿಂದಲ್ಲ, ಬಹುಪಾಲು ಹಿಟ್ಟಿನಿಂದ. ಹಿಟ್ಟನ್ನು ಹಿಡಿದಿಡುವ ಗೋಧಿಯ ಗ್ಲುಟೆನ್ ಜೋಳದಲ್ಲಿ ಇಲ್ಲ. ಕುದಿಯುವ ಎಸರಿನಲ್ಲಿ ಪಿಷ್ಟ ಬೆಂದಾಗಲೇ ಜಿಗಿ, ಅಂದರೆ ಅಂಟು, ಬರುವುದು. ಎರಡು ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ನೀರು ಕುದಿಯುವಾಗಲೇ ಸುರಿದು, ಸೌಟಿನಲ್ಲಿ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ನಾದಿ. ಬಡಿಯುವ ಮುನ್ನ ಒಂದೊಂದೇ ಉಂಡೆಯನ್ನು ಅಂಗೈ ಬುಡದಿಂದ ಒತ್ತಿ ಮತ್ತೊಮ್ಮೆ ಎರಡು ನಿಮಿಷ ನಾದಬೇಕು. ವಿಡಿಯೋದಲ್ಲಿ ಸಾಮಾನ್ಯವಾಗಿ ಕತ್ತರಿಸುವುದು ಇದನ್ನೇ. ಉಂಡೆ ಅದುಮಿದಾಗ ಅಂಚು ಬಿರಿದರೆ ಇನ್ನೂ ನಾದಿ, ಅಗತ್ಯವಿದ್ದರೆ ನೀರು ಚಿಮುಕಿಸಿ. ಹಿಟ್ಟು ಹಳೆಯದಾಗಿದ್ದರೆ ಎಷ್ಟು ನಾದಿದರೂ ಜಿಗಿ ಸಾಲದು. ಬಲ್ಲವರು ನಾದಿದ ಉಂಡೆಯನ್ನು ಒಮ್ಮೆ ಬೆರಳಲ್ಲಿ ಒತ್ತಿ ನೋಡಿ. ಆ ಮೆದುವನ್ನು ಕಣ್ಣು ಹೇಳಲಾರದು.

ಇನ್ನು ನೋಡುವ ಬಗೆ. ಬಡಿಯುವವರ ಎದುರಿಗೆ ಕೂರಬೇಡಿ, ಎಡಬಲ ತಿರುಗಿ ಕಾಣುತ್ತದೆ. ಪಕ್ಕದಲ್ಲಿ ಕೂತು ಅವರ ಕಡೆಯಿಂದಲೇ ನೋಡಿ. ಅಗಲವಾಗುವ ರೊಟ್ಟಿ ಕಣ್ಣು ಸೆಳೆಯುತ್ತದೆ, ಅದನ್ನು ಬಿಟ್ಟು ಮೊದಲ ರೊಟ್ಟಿಗೆ ಬಲಗೈ ಮಾತ್ರ ಗಮನಿಸಿ: ಬೆರಳು ಜೋಡಿಸಿ, ತಟ್ಟುವಾಗಲೇ ತುಸು ಹೊರಕ್ಕೆ ತಳ್ಳುತ್ತಾರೆ, ರೊಟ್ಟಿ ತಿರುಗುವುದು ಆ ತಳ್ಳಿಗೇ. ಮುಂದಿನದರಲ್ಲಿ ಎಡಗೈ: ಅಂಚಿಗೆ ಆನಿಸಿ ದುಂಡು ಕಾಯುತ್ತದೆ. ರೊಟ್ಟಿ ತಿರುಗದಿದ್ದರೆ ಅಡಿಯಲ್ಲಿ ಒಣಹಿಟ್ಟು ಸಾಲದೆ ಹಲಗೆಗೆ ಅಂಟಿದೆ ಎಂದರ್ಥ. ಪ್ರತಿ ಸಲ ನೋಡಿದ ಕೂಡಲೇ ನೀವೊಂದು ಬಡಿಯಿರಿ. ಕಲಿಯುತ್ತಿರುವ ಇನ್ನೊಬ್ಬರಿದ್ದರೆ ಅವರದನ್ನೂ ನೋಡಿ. ತಪ್ಪು ಎಲ್ಲಿ ಶುರುವಾಗುತ್ತದೆಂದು ನುರಿತ ಕೈಯಲ್ಲಿ ಕಾಣಸಿಗದು.

ಹೆಂಚಿನ ಮೇಲೆ ಹಿಟ್ಟು ಹತ್ತಿದ ಮೈ ಮೇಲಿರಲಿ, ಒದ್ದೆ ಬಟ್ಟೆಯಿಂದ ಸವರಿ. ಆ ತೇವ ಆರುತ್ತಿದ್ದಂತೆ ಮಗುಚಿ. ಮೊದಲೇ ಮಗುಚಿದರೆ ಹೆಂಚಿಗೆ ಅಂಟುತ್ತದೆ, ಪೂರ್ತಿ ಒಣಗಲು ಬಿಟ್ಟರೆ ಬಿರಿಯುತ್ತದೆ. ಸದ್ಯಕ್ಕೆ ಅಂಗೈ ಅಗಲದ್ದೇ ಬಡಿಯಿರಿ, ಎತ್ತುವಾಗ ಹರಿಯುವುದು ನಿಂತ ಮೇಲೆ ಉಂಡೆ ದೊಡ್ಡದು ಮಾಡಿಕೊಳ್ಳಿ.

— ಸಂಪಾದಕರು